ನೀರಿನಿಂದ ಇಂಧನ: ಚಪ್ಪಾಳೆಗೆ ಮೊದಲು ಲೆಕ್ಕ

ಕಳೆದ ಚಳಿಗಾಲದಲ್ಲಿ ಮಲೆನಾಡಿನ ಪ್ರೌಢಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನ ನೋಡಲು ಹೋಗಿದ್ದೆ. ಇಂಗುಗುಂಡಿಯ ಮಾದರಿ, ಸೌರ ಒಲೆ, ಎರೆಗೊಬ್ಬರದ ತೊಟ್ಟಿ ಎಲ್ಲವೂ ಅಚ್ಚುಕಟ್ಟಾಗಿದ್ದವು. ಆದರೆ ಜನ ಕಿಕ್ಕಿರಿದು ನಿಂತದ್ದು ಮೂಲೆಯ ಒಂದು ಮೇಜಿನ ಸುತ್ತ. ಅಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗಾಜಿನ ಬಾಟಲಿಯಲ್ಲಿ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನಿಟ್ಟುಕೊಂಡು ಅದರೊಳಗೆ ಹಳೆಯ ಅಲ್ಯೂಮಿನಿಯಂ ಪಾತ್ರೆಯ ಚೂರುಗಳನ್ನು ಹಾಕಿದ. ನೀರು ನೊರೆಯೆದ್ದು ಕುದಿಯತೊಡಗಿತು. ಬಾಟಲಿಯ ಬಾಯಿಗೆ ಸಿಕ್ಕಿಸಿದ್ದ ಬಲೂನು ನೋಡುತ್ತಿದ್ದಂತೆಯೇ ಉಬ್ಬಿತು. ಅದನ್ನು ಕಟ್ಟಿ, ಉದ್ದನೆಯ ಕೋಲಿನ ತುದಿಯ ಬೆಂಕಿಗೆ ತಾಗಿಸಿದಾಗ 'ಢಂ' ಎಂಬ ಸದ್ದಿನೊಂದಿಗೆ ಬೆಂಕಿಯ ಉಂಡೆಯೊಂದು ಎದ್ದು ಮಾಯವಾಯಿತು. ಚಪ್ಪಾಳೆ ಬಿತ್ತು. "ಇದು ಜಲಜನಕ. ನೀರಿನಿಂದ ಬಂದದ್ದು. ನಾಳೆ ನಮ್ಮ ಊರಿನ ಜೀಪುಗಳೂ ನೀರಿನಿಂದಲೇ ಓಡುತ್ತವೆ" ಎಂದು ಹುಡುಗ ಘೋಷಿಸಿದ.

ನೋಡುತ್ತಿದ್ದವರಲ್ಲಿ ಲಿಂಗನಮಕ್ಕಿಯ ನೀರಿಗೆ ಮನೆ, ಗದ್ದೆಗಳನ್ನು ಬಿಟ್ಟುಕೊಟ್ಟು ಬಾಲ್ಯದಲ್ಲೇ ಊರು ತೊರೆದ ಹಿರಿಯರೊಬ್ಬರಿದ್ದರು. ಅವರು ಕೇಳಿದರು: "ಅಪ್ಪಿ, ಪಾತ್ರೆ ಕರಗಿ ಮುಗಿದ ಮೇಲೆ ಜೀಪಿಗೆ ಏನು ಹಾಕ್ತೀಯ?"

"ಇನ್ನೊಂದು ಪಾತ್ರೆ ಹಾಕೋದು, ಅಜ್ಜ."

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ನೀರಿನಿಂದ ಇಂಧನ ತೆಗೆಯುವ ಹವ್ಯಾಸಿ ಪ್ರಯೋಗಗಳ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆಯನ್ನು ಆ ಹಿರಿಯರು ಒಂದೇ ಮಾತಿನಲ್ಲಿ ಕೇಳಿಬಿಟ್ಟಿದ್ದರು. ಪರಿಸರದ ಬಗ್ಗೆ ಕಾಳಜಿಯುಳ್ಳ ನಾವು ಇಂಥ ಪ್ರಯೋಗಗಳನ್ನು ಕಂಡಾಗ ಹೊಗೆಯಿಲ್ಲದ ಇಂಧನ ಸಿಕ್ಕಿತೆಂದು ಬೇಗ ಮರುಳಾಗುತ್ತೇವೆ. ಅದಕ್ಕಾಗಿಯೇ ಈ ಬರಹ.

ಪ್ರಯೋಗ ಹಳೆಯದು

ಲೋಹದಿಂದ ಜಲಜನಕ ತೆಗೆಯುವುದು ಹೊಸ ಶೋಧನೆಯಲ್ಲ. 1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಸತು, ಕಬ್ಬಿಣ, ತವರಗಳನ್ನು ಆಮ್ಲದಲ್ಲಿ ಹಾಕಿ, ಏಳುವ ಗಾಳಿಯನ್ನು ಹಿಡಿದು ಅಳೆದ. ಅದು ಉರಿಯುವ ಗಾಳಿಯೆಂದು ತಿಳಿಯಿತು. ಅದು ಉರಿದಾಗ ನೀರಾಗುತ್ತದೆಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಫ್ರಾನ್ಸಿನ ಲಾವಾಸಿಯೆ ಅದಕ್ಕೆ ನೀರನ್ನು ಹುಟ್ಟಿಸುವಂಥದು ಎಂಬ ಅರ್ಥದ ಗ್ರೀಕ್ ಮೂಲದ ಹೆಸರಿಟ್ಟ. ನಮ್ಮ 'ಜಲಜನಕ' ಎಂಬ ಪದವೂ ಅದೇ ಅರ್ಥದ್ದು.

1783ರ ಆಗಸ್ಟ್ 27ರಂದು ಪ್ಯಾರಿಸಿನಲ್ಲಿ ಜಾಕ್ ಶಾರ್ಲ್ ಎಂಬ ವಿಜ್ಞಾನಿ ಜಲಜನಕ ತುಂಬಿದ ಮೊದಲ ದೊಡ್ಡ ಬಲೂನನ್ನು ಹಾರಿಸಿದ. ಅದನ್ನು ತುಂಬಲು ಸುಮಾರು ಅರ್ಧ ಟನ್ ಕಬ್ಬಿಣದ ಚೂರು, ಕಾಲು ಟನ್ ಗಂಧಕಾಮ್ಲ ಮತ್ತು ಕೆಲವು ದಿನಗಳ ದುಡಿಮೆ ಬೇಕಾಯಿತು. ಬಲೂನು ಗೊನೆಸ್ ಎಂಬ ಹಳ್ಳಿಯ ಬಳಿ ಇಳಿದಾಗ ಬೆದರಿದ ರೈತರು ಕವಲುಗೋಲುಗಳಿಂದ ಅದನ್ನು ತಿವಿದು ಹರಿದುಹಾಕಿದರು. ಪಾಠಪುಸ್ತಕಗಳು ಈ ಕಥೆಯನ್ನು ರೈತರ ಅಜ್ಞಾನಕ್ಕೆ ಉದಾಹರಣೆಯಾಗಿ ಹೇಳುತ್ತವೆ. ನಾವು ಅದರ ಇನ್ನೊಂದು ಮುಖವನ್ನು ನೋಡೋಣ. ಆ ಬಲೂನಿನಲ್ಲಿದ್ದ ಜಲಜನಕ ಸುಮಾರು 35 ಘನ ಮೀಟರ್, ಅಂದರೆ 3 ಕಿಲೋಗ್ರಾಮಿಗೂ ತುಸು ಕಡಿಮೆ. ಅದರ ಒಟ್ಟು ಶಾಖ ಇಂದು ನಮ್ಮ ಅಡುಗೆಮನೆಗೆ ಬರುವ ಗ್ಯಾಸ್ ಸಿಲಿಂಡರಿನ ಸುಮಾರು ಅರ್ಧದಷ್ಟು. ಸೋರಿದ್ದು, ಕರಗದೆ ಉಳಿದದ್ದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ, ಅರ್ಧ ಸಿಲಿಂಡರಿಗಾಗಿ ಅರ್ಧ ಟನ್ ಕಬ್ಬಿಣವನ್ನು ಆಮ್ಲಕ್ಕೆ ಹಾಕಿದಂತಾಯಿತು. ಹಾರಾಟದ ಸಂಭ್ರಮದಲ್ಲಿ ಆ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ.

ನೀರು ಉರಿದುಹೋದ ವಸ್ತು

ನೀರಿನಿಂದ ವಾಹನ ಓಡಿಸುತ್ತೇನೆಂದು ಹೇಳುವವರು ಮರೆಮಾಚುವ ಅಥವಾ ತಾವೇ ಅರಿಯದ ಸಂಗತಿಯೊಂದಿದೆ. ಕಟ್ಟಿಗೆ ಉರಿದ ಮೇಲೆ ಬೂದಿ ಉಳಿಯುತ್ತದೆ. ಜಲಜನಕ ಉರಿದ ಮೇಲೆ ನೀರು ಉಳಿಯುತ್ತದೆ. ಬೂದಿಯನ್ನು ಮತ್ತೆ ಒಲೆಗೆ ಹಾಕಿದರೆ ಅನ್ನ ಬೇಯುವುದಿಲ್ಲವೆಂಬುದು ನಮ್ಮ ಹಳ್ಳಿಯ ಮಗುವಿಗೂ ಗೊತ್ತು. ನೀರೂ ಅಂಥದೇ. ಅದು ಎಂದೋ ಉರಿದು ಮುಗಿದ ಜಲಜನಕ. ಅದರಿಂದ ಜಲಜನಕವನ್ನು ಮರಳಿ ಬೇರ್ಪಡಿಸಬೇಕಾದರೆ, ಉರಿದಾಗ ಹೊರಬಂದಷ್ಟು ಶಕ್ತಿಯನ್ನಾದರೂ ಹೊರಗಿನಿಂದ ಹಿಂದಕ್ಕೆ ಕೊಡಲೇಬೇಕು. ಈ ನಿಯಮಕ್ಕೆ ಯಾವ ಬಾಟಲಿಯೂ, ಯಾವ ಯಂತ್ರವೂ ಹೊರತಲ್ಲ.

ಹಾಗಾದರೆ ಹುಡುಗನ ಬಾಟಲಿಗೆ ಆ ಶಕ್ತಿಯನ್ನು ಕೊಟ್ಟವರು ಯಾರು? ಅಲ್ಲಿ ವಿದ್ಯುತ್ ತಂತಿ ಇರಲಿಲ್ಲ, ಒಲೆಯೂ ಇರಲಿಲ್ಲ. ಕೊಟ್ಟದ್ದು ಆ ಹಳೆಯ ಪಾತ್ರೆ. ಅಲ್ಯೂಮಿನಿಯಂ ಲೋಹಕ್ಕೆ ಆಮ್ಲಜನಕದ ಮೇಲೆ ಜಲಜನಕಕ್ಕಿಂತ ಹೆಚ್ಚಿನ ಸೆಳೆತ. ನೀರು ಸಿಕ್ಕಿದರೆ ಅದು ಆಮ್ಲಜನಕವನ್ನು ಕಿತ್ತುಕೊಂಡು ಜಲಜನಕವನ್ನು ಹೊರಗೆ ಬಿಡುತ್ತದೆ. ದಿನವೂ ಅನ್ನ ಬೇಯಿಸುವ ಪಾತ್ರೆ ಹೀಗೆ ಕರಗದಿರಲು ಕಾರಣ, ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಚರ್ಮವಿದೆ. ಕಾಸ್ಟಿಕ್ ಸೋಡಾ ಆ ಚರ್ಮವನ್ನು ಸುಲಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಬಟ್ಟೆಸೋಡಾ ಹಾಕಿ ತಿಕ್ಕಬಾರದೆಂದು ಅಡುಗೆಮನೆಯ ಅನುಭವಸ್ಥರು ಹೇಳುವುದೂ ಇದೇ ಕಾರಣಕ್ಕೆ.

ಆದುದರಿಂದ ಬಾಟಲಿಯಲ್ಲಿ ಉರಿದ ಇಂಧನ ನೀರಲ್ಲ, ಲೋಹ. ನೀರು ಅಲ್ಲಿ ಜಲಜನಕದ ಆಕರ ಮಾತ್ರ, ಶಕ್ತಿಯ ಆಕರವಲ್ಲ. ಇದನ್ನು ಒಪ್ಪಿದ ಮೇಲೆ ಕೇಳಬೇಕಾದ ಮುಂದಿನ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಲೋಹದೊಳಗೆ ಆ ಶಕ್ತಿ ಎಲ್ಲಿಂದ ಬಂತು?

ಒಂದು ಕಿಲೋ ಅಲ್ಯೂಮಿನಿಯಂ

ವಿದ್ಯಾರ್ಥಿ ಮಿತ್ರರು ಪೆನ್ಸಿಲು, ಕಾಗದ ತೆಗೆದುಕೊಳ್ಳಲಿ. 54 ಗ್ರಾಂ ಅಲ್ಯೂಮಿನಿಯಂ ನೀರಿನೊಡನೆ ಪೂರ್ತಿ ವರ್ತಿಸಿದರೆ 6 ಗ್ರಾಂ ಜಲಜನಕ ಬರುತ್ತದೆ. ಹಾಗಾಗಿ 1 ಕಿಲೋ ಅಲ್ಯೂಮಿನಿಯಮಿನಿಂದ 111 ಗ್ರಾಂ. ಅದರಲ್ಲಿರುವ ಇಂಧನಶಕ್ತಿ ಸುಮಾರು 3.7 ಯೂನಿಟ್. ಕ್ರಿಯೆಯ ವೇಳೆ ಹೆಚ್ಚುಕಡಿಮೆ ಇನ್ನೊಂದು ಅಷ್ಟೇ ಶಕ್ತಿ ಬಾಟಲಿಯನ್ನು ಬಿಸಿ ಮಾಡಿ ಗಾಳಿಗೆ ಹೋಗುತ್ತದೆ. ಉಳಿಯುವುದು ಸುಮಾರು 2.9 ಕಿಲೋ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಅಂದರೆ ಬಿಳಿಯ ಕೆಸರು.

ಅದೇ 1 ಕಿಲೋ ಲೋಹವನ್ನು ಅದಿರಿನಿಂದ ತೆಗೆಯಲು ಕಾರ್ಖಾನೆಯ ವಿದ್ಯುತ್ ಕುಲುಮೆಗೆ ಬೇಕಾದದ್ದು 14 ಯೂನಿಟ್ಟಿನ ಆಸುಪಾಸು. ಗಣಿಗಾರಿಕೆ, ಸಾಗಣೆ, ಬಾಕ್ಸೈಟಿನಿಂದ ಅಲ್ಯೂಮಿನಾ ಬೇರ್ಪಡಿಸುವ ಖರ್ಚು ಇದಕ್ಕೆ ಹೊರತಾದುದು. 14 ಹಾಕಿ 3.7 ಪಡೆಯುವುದು ಮೊದಲ ನಷ್ಟ. ಆ ಜಲಜನಕವನ್ನು ಎಂಜಿನ್ನಿಗೆ ಕೊಟ್ಟು ವಿದ್ಯುತ್ ಮಾಡಿದರೆ ಅದರ ನಾಲ್ಕನೆಯ ಒಂದು ಪಾಲು ಮಾತ್ರ ಕೈಗೆ ಸಿಗುತ್ತದೆ, ಅಂದರೆ 1 ಯೂನಿಟ್ಟಿಗೂ ಕಡಿಮೆ. 14 ಯೂನಿಟ್ ಕೊಟ್ಟು 1 ಯೂನಿಟ್ ಪಡೆಯುವ ವ್ಯಾಪಾರವನ್ನು ಅಡಿಕೆ ಮಂಡಿಯಲ್ಲಿ ಯಾರಾದರೂ ಮಾಡಿಯಾರೇ?

ಇನ್ನೂ ಒಂದು ಹೋಲಿಕೆ. 1 ಕಿಲೋ ಜಲಜನಕಕ್ಕೆ 9 ಕಿಲೋ ಅಲ್ಯೂಮಿನಿಯಂ ಬೇಕು. ಆ ಲೋಹಕ್ಕೆ ಖರ್ಚಾದ ವಿದ್ಯುತ್ತು 126 ಯೂನಿಟ್. ವಿದ್ಯುತ್ತನ್ನು ನೇರವಾಗಿ ನೀರಿಗೆ ಹಾಯಿಸಿ ಅಷ್ಟೇ ಜಲಜನಕ ಪಡೆಯಲು 50ರಿಂದ 55 ಯೂನಿಟ್ ಸಾಕು. ಲೋಹದ ದಾರಿ ಸುತ್ತು ದಾರಿಯೂ ಹೌದು, ದುಬಾರಿ ದಾರಿಯೂ ಹೌದು.

ಮನೆಯ ಮಟ್ಟಕ್ಕೆ ಇಳಿಸಿ ನೋಡೋಣ. 14.2 ಕಿಲೋದ ಒಂದು ಗ್ಯಾಸ್ ಸಿಲಿಂಡರಿನಷ್ಟು ಶಾಖ ಬೇಕಾದರೆ ಸುಮಾರು 48 ಕಿಲೋ ಅಲ್ಯೂಮಿನಿಯಂ ಕರಗಿಸಬೇಕು. ಊರಿನ ಸಮಾರಾಧನೆಯ ಪಾತ್ರೆಗಳೆಲ್ಲ ಸೇರಿದರೂ ಅಷ್ಟಾದೀತೋ ಇಲ್ಲವೋ. 140 ಕಿಲೋದಷ್ಟು ಬಿಳಿ ಕೆಸರು ಅಂಗಳದಲ್ಲಿ ಉಳಿಯುತ್ತದೆ. ಲೀಟರಿಗೆ 10 ಕಿ.ಮೀ. ಓಡುವ ಜೀಪು 1 ಲೀಟರ್ ಡೀಸೆಲಿನ ಬದಲು ಈ ಜಲಜನಕ ಕುಡಿದರೆ, ಆ 10 ಕಿ.ಮೀ.ಗೆ ಎರಡೂ ಮುಕ್ಕಾಲು ಕಿಲೋ ಲೋಹ ಬೇಕು, 8 ಕಿಲೋ ಕೆಸರು ಬೀಳುತ್ತದೆ. ಹುಡುಗನ ಬಲೂನಿನಲ್ಲಿ 3 ಲೀಟರ್ ಜಲಜನಕವಿದ್ದಿದ್ದರೆ ಅದರಿಂದ ಒಂದು ಲೋಟ ಚಹಾ ಕೂಡ ಕುದಿಯುತ್ತಿರಲಿಲ್ಲ. ಸದ್ದು ದೊಡ್ಡದು, ಶಕ್ತಿ ಚಿಕ್ಕದು.

"ಹಳೆಯ ಪಾತ್ರೆ ಹೇಗೂ ಕಸವಲ್ಲವೇ, ಕಸದಿಂದ ಬಂದದ್ದೆಲ್ಲ ಲಾಭವೇ" ಎಂದು ಕೆಲವರು ವಾದಿಸಬಹುದು. ಈ ವಾದಕ್ಕೆ ಉತ್ತರ ಗುಜರಿ ಅಂಗಡಿಯಲ್ಲಿದೆ. ಹಳೆಯ ಅಲ್ಯೂಮಿನಿಯಮನ್ನು ಕರಗಿಸಿ ಹೊಸ ಪಾತ್ರೆ ಮಾಡಲು, ಅದಿರಿನಿಂದ ತೆಗೆಯುವಾಗಿನ ಶಕ್ತಿಯ ಇಪ್ಪತ್ತನೆಯ ಒಂದು ಪಾಲು ಸಾಕು. ಅಂದರೆ ಗುಜರಿಗೆ ಹಾಕಿದ ಪ್ರತಿ ಕಿಲೋ ಪಾತ್ರೆ 13 ಯೂನಿಟ್ಟಿನಷ್ಟು ಹೊಸ ವಿದ್ಯುತ್ತನ್ನು ಉಳಿಸುತ್ತದೆ. ಬಾಟಲಿಗೆ ಹಾಕಿದರೆ ಸಿಗುವುದು 3.7. ಸೈಕಲ್ಲಿನ ಮೇಲೆ ಚೀಲ ಕಟ್ಟಿಕೊಂಡು ಮನೆಮನೆಗೆ ಬರುವ ಗುಜರಿಯವನು, ತನಗೇ ತಿಳಿಯದಂತೆ, ನೀರಿನ ಕಾರು ಕಂಡುಹಿಡಿದೆನೆನ್ನುವ ಎಲ್ಲರಿಗಿಂತ ಹೆಚ್ಚಿನ ಇಂಧನ ಉಳಿಸುತ್ತಿದ್ದಾನೆ. ಪ್ಲಾಸ್ಟಿಕ್ಕಿಗೆ ಅಂಟಿದ ಹಾಳೆಯಂತಹ, ಮತ್ತೆ ಕರಗಿಸಲು ಬಾರದ ಚೂರುಗಳ ಮಾತು ಬೇರೆ. ಆದರೆ ಅದು ಸಣ್ಣ ಪಾಲು.

ಲೋಹದಲ್ಲಿ ಅಡಗಿದ ಗುಡ್ಡ

ಈಗ ಲಿಂಗನಮಕ್ಕಿಯ ಹಿರಿಯರ ಪ್ರಶ್ನೆಗೆ ಹಿಂತಿರುಗೋಣ. ಪಾತ್ರೆಯೊಳಗಿನ 14 ಯೂನಿಟ್ ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ ಅಲ್ಯೂಮಿನಿಯಂ ಲೋಹವನ್ನು ಮೊದಲು ತಯಾರಿಸಿದ್ದು 1943ರಲ್ಲಿ, ಕೇರಳದ ಆಲುವಾ ಬಳಿ. ಅದಕ್ಕೆ ವಿದ್ಯುತ್ತು ಬಂದದ್ದು ಮುನ್ನಾರಿನ ಪಳ್ಳಿವಾಸಲ್ ಜಲವಿದ್ಯುತ್ ಕೇಂದ್ರದಿಂದ. ಭಾರತದ ಅಲ್ಯೂಮಿನಿಯಮಿನ ಕಥೆ ಆರಂಭವಾದದ್ದೇ ನಮ್ಮ ಪಶ್ಚಿಮ ಘಟ್ಟದ ನೀರಿನಿಂದ. ಮುಂದೆ 1957ರಲ್ಲಿ ಒಡಿಶಾದ ಹಿರಾಕುಡ್ ಅಣೆಕಟ್ಟು ಉದ್ಘಾಟನೆಯಾಯಿತು, 1959ರಲ್ಲಿ ಅದರ ಬಳಿಯೇ ಅಲ್ಯೂಮಿನಿಯಂ ಕುಲುಮೆ ಉರಿಯಿತು. 1962ರಲ್ಲಿ ಉತ್ತರ ಪ್ರದೇಶದ ರೇಣುಕೂಟದಲ್ಲಿ ರಿಹಂದ್ ಅಣೆಕಟ್ಟಿನ ವಿದ್ಯುತ್ತಿನಿಂದ ಮತ್ತೊಂದು ಕಾರ್ಖಾನೆ ಆರಂಭವಾಯಿತು. ಈ ಜಲಾಶಯಗಳ ತಳದಲ್ಲಿ ಎಷ್ಟು ಊರುಗಳು ಮಲಗಿವೆಯೆಂಬುದನ್ನು ಶರಾವತಿಯ ಮಡಿಲಿನವರಿಗೆ ವಿವರಿಸಬೇಕಾಗಿಲ್ಲ. ಇಂದು ದೇಶದ ಅಲ್ಯೂಮಿನಿಯಮಿನ ಬಹುಪಾಲು ಕಲ್ಲಿದ್ದಲಿನ ವಿದ್ಯುತ್ತಿನಿಂದ ತಯಾರಾಗುತ್ತಿದೆ. ಆ ಲೋಹದಿಂದ ಬಾಟಲಿಯಲ್ಲಿ ತೆಗೆದ 'ಹೊಗೆಯಿಲ್ಲದ' ಜಲಜನಕದ ಹೊಗೆ ಬೇರೊಂದು ಊರಿನ ಚಿಮಣಿಯಲ್ಲಿ ಮೊದಲೇ ಹೊರಬಿದ್ದಿದೆ.

ಅದಿರಿನ ಕಥೆಯೂ ಗುಡ್ಡದ್ದೇ. 1 ಟನ್ ಅಲ್ಯೂಮಿನಿಯಮಿಗೆ ಸುಮಾರು 2 ಟನ್ ಅಲ್ಯೂಮಿನಾ, ಅದಕ್ಕೆ 4ರಿಂದ 5 ಟನ್ ಬಾಕ್ಸೈಟು ಬೇಕು. ಬಾಕ್ಸೈಟು ಸಿಗುವುದು ಹೆಚ್ಚಾಗಿ ಬೆಟ್ಟಗಳ ನೆತ್ತಿಯ ಮೇಲೆ, ಮಳೆನೀರನ್ನು ಹೀರಿ ಬೇಸಿಗೆಯವರೆಗೆ ಒರತೆಗಳಿಗೆ ಬಿಡುವ ಪದರದಲ್ಲಿ. ಅದನ್ನು ಕೆತ್ತಿ ತೆಗೆದ ಮೇಲೆ ಕೆಳಗಿನ ಊರಿನ ತೊರೆಗಳ ಗತಿ ಏನೆಂಬುದು ಜಂಬಿಟ್ಟಿಗೆ ನೆಲದ ಒರತೆ ಕಂಡ ನಮಗೆ ಅರ್ಥವಾಗುತ್ತದೆ. ಒಡಿಶಾದ ಕಾಶೀಪುರದಲ್ಲಿ ಬಾಕ್ಸೈಟು ಯೋಜನೆಯನ್ನು ವಿರೋಧಿಸುತ್ತಿದ್ದ ಆದಿವಾಸಿಗಳಲ್ಲಿ ಮೂವರು 2000ದ ಡಿಸೆಂಬರ್ 16ರಂದು ಮೈಕಂಚ್ ಎಂಬಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ನಿಯಮಗಿರಿ ಬೆಟ್ಟದ ವಿಚಾರದಲ್ಲಿ 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯ ಗ್ರಾಮಸಭೆಗಳ ಅಭಿಪ್ರಾಯ ಕೇಳಬೇಕೆಂದು ತೀರ್ಪು ನೀಡಿತು. ಅದೇ ವರ್ಷ ಸೇರಿದ 12 ಗ್ರಾಮಸಭೆಗಳೂ ಗಣಿಗಾರಿಕೆ ಬೇಡವೆಂದವು. ಡೋಂಗ್ರಿಯಾ ಕೋಂಧರು ತಮ್ಮ ಬೆಟ್ಟವನ್ನು ಉಳಿಸಿಕೊಂಡರು. ಅವರು ಉಳಿಸಿದ ಬೆಟ್ಟಕ್ಕೂ ನಮ್ಮ ಹುಡುಗನ ಬಾಟಲಿಗೂ ಸಂಬಂಧವಿಲ್ಲವೆಂದು ಹೇಳಲಾಗದು. ಅಲ್ಯೂಮಿನಿಯಮನ್ನು ಇಂಧನವಾಗಿ ಸುಡುವ ಕಾಲ ನಿಜವಾಗಿ ಬಂದರೆ, ಆ ಬೇಡಿಕೆ ಮೊದಲು ಬಡಿಯುವುದು ಇಂಥ ಬೆಟ್ಟಗಳ ಬಾಗಿಲನ್ನೇ.

ಸಂತೆಗೆ ಬಂದ ಪವಾಡ

ಹುಡುಗನ ತಪ್ಪು ಮುಗ್ಧ ತಪ್ಪು. ಆದರೆ ಅದೇ ಮಾತನ್ನು ಮಾರಾಟಕ್ಕೆ ಇಡುವವರು ಬೇರೆ ಇದ್ದಾರೆ. ಅಮೆರಿಕದ ಓಹಾಯೋ ರಾಜ್ಯದ ಸ್ಟ್ಯಾನ್ಲಿ ಮೇಯರ್ ನೀರಿನಿಂದ ಓಡುವ ವಾಹನ ಮಾಡಿದ್ದೇನೆಂದು ಹೇಳಿ ಜನರಿಂದ ಹಣ ಸಂಗ್ರಹಿಸಿದ. 1996ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ವಂಚನೆಯೆಂದು ತೀರ್ಮಾನಿಸಿ, ದೂರು ಕೊಟ್ಟ ಇಬ್ಬರು ಹೂಡಿಕೆದಾರರಿಗೆ ಹಣ ಹಿಂತಿರುಗಿಸಲು ಆದೇಶಿಸಿತು. ಅದೇ 1996ರಲ್ಲಿ ತಮಿಳುನಾಡಿನಿಂದ ಹೊರಟ ಗಿಡಮೂಲಿಕೆ ಪೆಟ್ರೋಲಿನ ಸುದ್ದಿ ದೇಶವನ್ನೇ ಬೆರಗುಗೊಳಿಸಿತ್ತು. ನೀರಿಗೆ ಎಲೆ ಹಾಕಿ ಕಲಕಿದರೆ ಪೆಟ್ರೋಲ್ ಎಂಬ ಆ ಹೇಳಿಕೆ ವಿಜ್ಞಾನದ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ. 2012ರಲ್ಲಿ ಪಾಕಿಸ್ತಾನದಲ್ಲಿ ನೀರಿನ ಕಾರೊಂದು ಟೀವಿಯಲ್ಲೂ ಮಂತ್ರಿಗಳ ಮುಂದೆಯೂ ಮೆರೆಯಿತು. ಅಲ್ಲಿನ ಭೌತವಿಜ್ಞಾನಿ ಪರ್ವೇಜ್ ಹೂಡ್‌ಭಾಯ್ ಮೊದಲಾದವರು ಅದು ಶಕ್ತಿಯ ಮೂಲ ನಿಯಮಗಳಿಗೇ ವಿರುದ್ಧವೆಂದು ಧೈರ್ಯವಾಗಿ ಹೇಳಬೇಕಾಯಿತು.

ಇವುಗಳ ಚಿಕ್ಕ ತಮ್ಮನೆಂದರೆ ವಾಹನಕ್ಕೆ ಜೋಡಿಸುವ 'ನೀರಿನ ಕಿಟ್'. ಬ್ಯಾಟರಿಯ ವಿದ್ಯುತ್ತಿನಿಂದ ನೀರನ್ನು ಒಡೆದು, ಬಂದ ಅನಿಲವನ್ನು ಎಂಜಿನ್ನಿಗೆ ಊಡಿದರೆ ಮೈಲೇಜು ಏರುತ್ತದೆಂದು ಮಾರುತ್ತಾರೆ. ಬ್ಯಾಟರಿಗೆ ವಿದ್ಯುತ್ತು ತುಂಬುವುದು ಆಲ್ಟರ್ನೇಟರ್. ಅದನ್ನು ತಿರುಗಿಸುವುದು ಎಂಜಿನ್, ಎಂಜಿನ್ ಓಡುವುದು ಡೀಸೆಲಿನಿಂದ. ಪ್ರತಿ ಹಂತದಲ್ಲೂ ಸೋರಿಕೆ. ಗೊಂತಿನಲ್ಲಿ ಕಟ್ಟಿದ ಹಸುವಿಗೆ ಅದರದೇ ಹಾಲು ಕುಡಿಸಿ ಹಾಲು ಹೆಚ್ಚಿಸುತ್ತೇನೆಂದಂತೆ ಇದು. ಘಟ್ಟದ ರಸ್ತೆಯಲ್ಲಿ ಸಾಲದ ಕಂತು ಕಟ್ಟುತ್ತ ಜೀಪು ಓಡಿಸುವ ನಮ್ಮ ಹುಡುಗರು ಇಂಥದಕ್ಕೆ ಸಾವಿರಗಟ್ಟಲೆ ಹಣ ಸುರಿಯಬಾರದು. ಪವಾಡ ತೋರಿಸುವವರ ಮುಂದೆ ಕೇಳಲು ಒಂದೇ ಪ್ರಶ್ನೆ ಸಾಕು: ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಅಳೆದವರು ಯಾರು?

ಪ್ರಾಮಾಣಿಕ ಸಂಶೋಧನೆ

ಹಾಗೆಂದು ಲೋಹದಿಂದ ಜಲಜನಕ ತೆಗೆಯುವ ವಿಚಾರವೇ ಹುಸಿಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಜೆರ್ರಿ ವುಡಾಲ್ ಎಂಬ ಅಮೆರಿಕದ ವಿಜ್ಞಾನಿ, ಗ್ಯಾಲಿಯಂ ಎಂಬ ಲೋಹ ಬೆರೆತಾಗ ಅಲ್ಯೂಮಿನಿಯಮಿನ ಆಕ್ಸೈಡ್ ಚರ್ಮ ನಿಲ್ಲದೆ ಬರಿಯ ನೀರಿನಲ್ಲೇ ಜಲಜನಕ ಹೊಮ್ಮುವುದನ್ನು 1967ರಲ್ಲಿ ಆಕಸ್ಮಿಕವಾಗಿ ಕಂಡರು. 2007ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದಾಗ ಆ ವಿಧಾನವನ್ನು ಜನರ ಮುಂದಿಟ್ಟರು. 2024ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಎಂಜಿನಿಯರುಗಳು ಗ್ಯಾಲಿಯಂ-ಇಂಡಿಯಂ ಸವರಿದ ಅಲ್ಯೂಮಿನಿಯಂ ಗುಳಿಗೆಗಳನ್ನು ಸಮುದ್ರದ ನೀರಿಗೆ ಹಾಕಿದರು. ಅದಕ್ಕೆ ಕಾಫಿಪುಡಿಯ ಗಸಿ ಬೆರೆಸಿದಾಗ ಕ್ರಿಯೆಯ ವೇಗ ಹೆಚ್ಚುವುದನ್ನು ಕಂಡರು. ನಮ್ಮ ಚಿಕ್ಕಮಗಳೂರು, ಕೊಡಗುಗಳ ಓದುಗರಿಗೆ ಈ ಸುದ್ದಿ ವಿಶೇಷ ಖುಷಿ ಕೊಡಬಹುದು.

ಆದರೆ ಇವರು ಯಾರೂ ನೀರು ಇಂಧನವೆಂದು ಹೇಳಿಲ್ಲವೆಂಬುದನ್ನು ಗಮನಿಸಬೇಕು. ಲೋಹವೆಂದರೆ ವಿದ್ಯುತ್ತನ್ನು ತುಂಬಿಟ್ಟ ಗಟ್ಟಿ ಡಬ್ಬಿಯೆಂದೇ ಅವರ ತಿಳುವಳಿಕೆ. ಜಲಜನಕವನ್ನು ಒತ್ತಡದ ಸಿಲಿಂಡರಿನಲ್ಲಿ ಹೊತ್ತೊಯ್ಯುವುದು ಕಷ್ಟ ಮತ್ತು ಅಪಾಯ. ಅದರ ಬದಲು ಲೋಹವನ್ನು ಒಯ್ದು ಬೇಕಾದಲ್ಲಿ ಜಲಜನಕ ಪಡೆಯುವುದು ಹಡಗಿಗೋ ಸಮುದ್ರದಡಿಯ ಯಂತ್ರಕ್ಕೋ ಅನುಕೂಲವಾಗಬಹುದು. ಆ ಲೆಕ್ಕವೂ ನಿಲ್ಲುವುದು ಗುಜರಿ ಅಲ್ಯೂಮಿನಿಯಂ ಬಳಸಿ, ದುಬಾರಿ ಗ್ಯಾಲಿಯಮನ್ನು ಮರಳಿ ಹಿಡಿದಾಗ ಮಾತ್ರ. ಪ್ರಯೋಗಾಲಯದವರು ಇದನ್ನೆಲ್ಲ ಬರೆದೇ ಪ್ರಕಟಿಸುತ್ತಾರೆ. ಪತ್ರಿಕೆಯ ತಲೆಬರಹಕ್ಕೆ ಬರುವಾಗ ಲೆಕ್ಕ ಉದುರಿ, ಪವಾಡ ಮಾತ್ರ ಉಳಿಯುತ್ತದೆ.

ವಿದ್ಯಾರ್ಥಿಗಳಿಗೆ, ಮೇಷ್ಟರಿಗೆ

ಆ ಹುಡುಗನನ್ನು ಗದರಿಸಬೇಕೆಂದು ನನ್ನ ವಾದವಲ್ಲ. ಕೈಯಿಂದ ಮಾಡಿ ನೋಡುವ ಕುತೂಹಲವನ್ನು ಹಿರಿಯರು ಕಾಪಾಡಬೇಕು. ಆದರೆ ಅದರ ಜೊತೆಗೆ ಎರಡು ವಿಷಯಗಳನ್ನು ಕಲಿಸದಿದ್ದರೆ ನಮ್ಮ ಕರ್ತವ್ಯ ಅರ್ಧವಾಗುತ್ತದೆ.

ಮೊದಲನೆಯದು ಎಚ್ಚರ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲು ಜಲಜನಕ ಬೆರೆತರೆ ಅದು ಹೊತ್ತಿಕೊಳ್ಳಬಲ್ಲದು. ಸ್ವೆಟರು ಕಳಚುವಾಗ ಚಿಟಚಿಟ ಎನ್ನುವ ಕಿಡಿಯೇ ಅದಕ್ಕೆ ಸಾಕು. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲವೆನ್ನಬಹುದು. ಕಾಸ್ಟಿಕ್ ಸೋಡಾ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕ್ರಿಯೆ ತಾನಾಗಿಯೇ ಬಿಸಿಯಾಗುತ್ತ ವೇಗ ಹೆಚ್ಚಿಸಿಕೊಳ್ಳುವುದರಿಂದ ಮುಚ್ಚಿದ ಬಾಟಲಿ ಸಿಡಿಯುತ್ತದೆ. ನಾನು ಕಂಡ ಪ್ರದರ್ಶನದಲ್ಲಿ ಮುಂದಿನ ಸಾಲಿನ ಯಾವ ಮಗುವಿನ ಕಣ್ಣಿಗೂ ರಕ್ಷಣೆಯ ಕನ್ನಡಕವಿರಲಿಲ್ಲ. ಈ ಪ್ರಯೋಗ ಮಾಡುವುದಾದರೆ ಶಿಕ್ಷಕರೇ ಮುಂದೆ ನಿಂತು, ಪ್ರನಾಳದ ಪ್ರಮಾಣದಲ್ಲಿ, ಬಯಲಿನಲ್ಲಿ, ಕನ್ನಡಕ ಮತ್ತು ಕೈಗವಸು ತೊಟ್ಟು ಮಾಡಲಿ. ಮನೆಯಲ್ಲಿ ಮಾಡುವುದು ಬೇಡ. ಅನಿಲವನ್ನು ತುಂಬಿಡುವುದು ಸರ್ವಥಾ ಬೇಡ. ಉಳಿದ ಸುಡುದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದಂತೂ ಕೂಡದು. ಮೀನು, ಏಡಿಗಳಿಗೆ ಅದು ವಿಷವೇ.

ಎರಡನೆಯದು ಲೆಕ್ಕ. ಬಾಟಲಿಯ ಪಕ್ಕದಲ್ಲಿ ಒಂದು ಫಲಕ ಇರಲಿ. ಎಷ್ಟು ಗ್ರಾಂ ಲೋಹ ಹೋಯಿತು, ಎಷ್ಟು ಅನಿಲ ಬಂತು, ಆ ಲೋಹಕ್ಕೆ ಎಷ್ಟು ವಿದ್ಯುತ್ತು ಖರ್ಚಾಗಿತ್ತು, ಅದರ ಅದಿರು ಯಾವ ಬೆಟ್ಟದ್ದು, ಉಳಿದ ಕೆಸರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಕ್ಕಳೇ ಬರೆಯಲಿ. ಆಗ ಅದೇ ಪ್ರಯೋಗ ಜೀಪಿನ ಕನಸಿಗಿಂತ ದೊಡ್ಡ ಪಾಠ ಹೇಳುತ್ತದೆ.

ಈ ಲೆಕ್ಕ ನಮಗೇಕೆ ಬೇಕು?

ಒಂದು ಬಾಟಲಿಯ ಬಗ್ಗೆ ಇಷ್ಟು ಬರೆಯಬೇಕಿತ್ತೇ ಎಂದು ಓದುಗರು ಕೇಳಬಹುದು. ಬಾಟಲಿಯ ಮಾತು ಇನ್ನು ಬಾಟಲಿಯಲ್ಲೇ ಉಳಿಯುವುದಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕ ತಯಾರಿಸುವ ಗುರಿ ಅದರದು. ಅದಕ್ಕಾಗಿ ಸುಮಾರು 125 ಗಿಗಾವಾಟ್ ಹೊಸ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯ ಬೇಕೆಂದು ಯೋಜನೆಯೇ ಹೇಳುತ್ತದೆ. ಗೊಬ್ಬರ, ಉಕ್ಕಿನ ಕಾರ್ಖಾನೆಗಳ ಹೊಗೆ ತಗ್ಗಿಸಲು ಇದು ಉಪಯುಕ್ತವಾಗಬಹುದು, ಅದನ್ನು ಕಣ್ಣು ಮುಚ್ಚಿ ವಿರೋಧಿಸುವುದು ಸರಿಯಲ್ಲ. ಆದರೆ ಸೂರ್ಯ, ಗಾಳಿಗಳ ವಿದ್ಯುತ್ತನ್ನು ಕೂಡಿಡುವ ಹೆಸರಿನಲ್ಲಿ ಘಟ್ಟದ ಕಣಿವೆಗಳತ್ತ ಮತ್ತೆ ಕಣ್ಣು ಬೀಳುತ್ತಿದೆ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವಾಟಿನ ಯೋಜನೆ ಇತ್ತೀಚಿನ ವರ್ಷಗಳಲ್ಲಿ ಚರ್ಚೆಯಾಗಿದ್ದು ಇಂಥದೇ ಕಾರಣಕ್ಕೆ. ಅಲ್ಲಿಯೂ 100 ಯೂನಿಟ್ ಕೊಟ್ಟು ಮೇಲೆತ್ತಿದ ನೀರಿನಿಂದ ಮರಳಿ ಬರುವುದು 75-80 ಯೂನಿಟ್ ಮಾತ್ರ. ಆ ನಷ್ಟವನ್ನೂ, ಸಿಂಗಳೀಕದ ಕಾಡಿನ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕಾದವರು ನಾವೇ.

ಲಿಂಗನಮಕ್ಕಿ 1964ರಲ್ಲಿ ತುಂಬಿದಾಗ ನಮ್ಮ ಹಿರಿಯರ ಮುಂದೆ ಯಾರೂ ಲೆಕ್ಕವನ್ನಿಡಲಿಲ್ಲ, ಬೆಳಕಿನ ಮಾತನ್ನು ಮಾತ್ರ ಇಟ್ಟರು. ಮುಂದಿನ ಯೋಜನೆಗಳ ಅಹವಾಲು ಸಭೆಗಳಲ್ಲಿ ಕೂರುವವರು ಇಂದಿನ ಪ್ರೌಢಶಾಲೆಯ ಮಕ್ಕಳು. ಬಾಟಲಿಯ ಲೆಕ್ಕ ಬಿಡಿಸಲು ಕಲಿತವರು ಅಣೆಕಟ್ಟಿನ ವರದಿಯನ್ನೂ ಬಿಡಿಸಿ ಓದಬಲ್ಲರು. ಬಾಟಲಿಗೆ ಚಪ್ಪಾಳೆ ತಟ್ಟಿ ಎದ್ದುಹೋದವರು ಅಣೆಕಟ್ಟಿಗೂ ಹಾಗೆಯೇ ಚಪ್ಪಾಳೆ ತಟ್ಟಿಯಾರು.

ಇಂಧನಕ್ಕಾಗಿ ನಿಜವಾಗಿ ಹಂಬಲಿಸುವ ಮನೆಗಳಿಗೆ ನಮ್ಮ ಗುಡ್ಡಗಳಲ್ಲೇ ದಾರಿಗಳಿವೆ. ನಾಲ್ಕು ದನಗಳಿರುವ ಮನೆಯ 2 ಘನ ಮೀಟರಿನ ಗೋಬರ್ ಅನಿಲ ಸ್ಥಾವರ ದಿನವೊಂದಕ್ಕೆ ಕೊಡುವ ಶಾಖವನ್ನು ಅಲ್ಯೂಮಿನಿಯಮಿನಿಂದ ಪಡೆಯಬೇಕಾದರೆ ದಿನಕ್ಕೆ 3 ಕಿಲೋ ಲೋಹ ಬೇಕು. ಗೋಬರ್ ಸ್ಥಾವರದ ಕೆಸರು ತೋಟಕ್ಕೆ ಗೊಬ್ಬರವೂ ಹೌದು. ಮಳೆಗಾಲದಲ್ಲಿ ಮನೆಯ ಹಿಂದಿನ ತೊರೆಗೆ ಜೋಡಿಸಿದ 1 ಕಿಲೋವಾಟಿನ ಪುಟ್ಟ ಟರ್ಬೈನು ದಿನಕ್ಕೆ 24 ಯೂನಿಟ್ ಕೊಡಬಲ್ಲದು. ಅಷ್ಟು ವಿದ್ಯುತ್ತಿಗೆ ಲೋಹದ ದಾರಿಯಲ್ಲಿ ದಿನಕ್ಕೆ 25 ಕಿಲೋದಷ್ಟು ಅಲ್ಯೂಮಿನಿಯಂ ಕರಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಉಳಿಸುವ ಕಟ್ಟಿಗೆಯೂ ಇಂಧನವೇ. ಇವು ಯಾವುವೂ ಢಂ ಎಂದು ಸದ್ದು ಮಾಡುವುದಿಲ್ಲ. ಆದ್ದರಿಂದಲೇ ಪ್ರದರ್ಶನದಲ್ಲಿ ಅವುಗಳ ಮುಂದೆ ಜನ ನಿಲ್ಲುವುದಿಲ್ಲ.

ಹೊಳೆಗೆ ಸುರಿದರೂ ಅಳೆದು ಸುರಿ ಎಂಬುದು ನಮ್ಮ ಹಿರಿಯರ ಗಾದೆ. ಹೊಳೆಯಿಂದ ತೆಗೆಯುವಾಗಲೂ ಅಳೆದೇ ತೆಗೆಯಬೇಕು. ಮುಂದಿನ ಚಳಿಗಾಲದ ಪ್ರದರ್ಶನದಲ್ಲಿ ಆ ಹುಡುಗ ಮತ್ತೆ ಅದೇ ಮೇಜಿನ ಬಳಿ ನಿಲ್ಲಲಿ. ಬಾಟಲಿಯ ಪಕ್ಕದಲ್ಲಿ ಲೆಕ್ಕದ ಫಲಕವೂ ಇರಲಿ. ಅಜ್ಜ ಅದೇ ಪ್ರಶ್ನೆ ಕೇಳಿದರೆ ಅವನು ಫಲಕವನ್ನು ತೋರಿಸಿ ಉತ್ತರಿಸಲಿ. ಚಪ್ಪಾಳೆಯನ್ನು ಆಗ ತಟ್ಟೋಣ.